ಹದಿನೈದಕ್ಕೆ ಸ್ಟಾರ್, ಹತ್ತೊಂಬತ್ತಕ್ಕೆ ಈ ಹಾಡು

ಮಂಗಳೂರಿನ ಬಿಜೈಯಲ್ಲಿ ನನ್ನದೊಂದು ಗಿಟಾರ್ ಕ್ಲಾಸ್ ಉಂಟು. ಬರುವವರು ಹೆಚ್ಚಾಗಿ ಹೈಸ್ಕೂಲು, ಪಿಯುಸಿ ಮಕ್ಕಳು. ಅಲ್ಲಿ ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಹಾಡು ಏನು ಹೇಳುತ್ತದೆ ಅಂತ ಕನ್ನಡದಲ್ಲೋ ತುಳುವಿನಲ್ಲೋ ಕೊಂಕಣಿಯಲ್ಲೋ ನಾಲ್ಕು ಮಾತು ಹೇಳಲು ಬರಬೇಕು. ಬಾರದಿದ್ದರೆ ಆ ಹಾಡು ನುಡಿಸುವ ಹಾಗಿಲ್ಲ. ಗಿಟಾರಿನ ಕಾರ್ಡ್ಸ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಯೂಟ್ಯೂಬಿನಲ್ಲಿ ಯಾರು ಬೇಕಾದರೂ ಕಲಿಯಬಹುದು ಮಾರಾಯ್ರೆ.

ಕಳೆದ ಮಳೆಗಾಲ ನಾವು ಹಿಡಿದದ್ದು ಎಳೆಯ ವಯಸ್ಸಿನಲ್ಲೇ ಹೆಸರು ಮಾಡಿದವರ ಹಾಡುಗಳನ್ನು. ಕಾರಣ, ಕ್ಲಾಸಿನ ಒಬ್ಬ ಹುಡುಗ. ಎರಡನೇ ಕ್ಲಾಸಿನಲ್ಲಿದ್ದಾಗ ಅವನು ಒಂದು ಟೀವಿ ಸ್ಪರ್ಧೆಯಲ್ಲಿ ಹಾಡಿದ್ದ. ಆಗ ಊರಿಡೀ ಅವನ ಫ್ಲೆಕ್ಸ್. ಈಗ ಹತ್ತನೇ ಕ್ಲಾಸು. ಯಾರಾದರೂ ಆ ವಿಷಯ ಎತ್ತಿದರೆ ಸಾಕು, ಸರಿಯಾಗೇ ಇರುವ ಗಿಟಾರನ್ನು ಮತ್ತೆ ಟ್ಯೂನ್ ಮಾಡಲು ಕೂರುತ್ತಾನೆ. ನಾನಾಗಿ ಏನೂ ಕೇಳಿರಲಿಲ್ಲ.

ಆರಿಸಿಕೊಂಡದ್ದು ಸಿಲ್ವರ್‌ಚೇರ್ ಎಂಬ ರಾಕ್ ಬ್ಯಾಂಡನ್ನು. ಆಸ್ಟ್ರೇಲಿಯಾದ ನ್ಯೂಕಾಸಲ್ ಎಂಬ ಊರಿನ ಮೂವರು ಶಾಲಾ ಹುಡುಗರು. 1994ರಲ್ಲಿ ಒಂದು ಸ್ಪರ್ಧೆ ಗೆದ್ದರು. 1995ರಲ್ಲಿ ಮೊದಲ ಆಲ್ಬಂ ‘ಫ್ರಾಗ್‌ಸ್ಟಾಂಪ್’ ಬಂತು, ಅವರ ದೇಶದಲ್ಲಿ ಮೊದಲ ಸ್ಥಾನಕ್ಕೇರಿತು, ಅಮೆರಿಕಕ್ಕೂ ದಾಟಿತು. ಹಾಡು ಬರೆದು ಹಾಡುತ್ತಿದ್ದ ಡೇನಿಯಲ್ ಜಾನ್ಸ್‌ಗೆ ಆಗ 15. ಮೂರನೇ ಆಲ್ಬಂ ‘ನಿಯಾನ್ ಬಾಲ್‌ರೂಮ್’ 1999ರಲ್ಲಿ ಬಂದಾಗ 19. ಅದರಲ್ಲಿರುವ ‘ಆನಾಸ್ ಸಾಂಗ್’ ನಮ್ಮ ಮುಖ್ಯ ಪಾಠ.

ಆದರೆ ಇದ್ಯಾವುದನ್ನೂ ನಾನು ಮೊದಲಿಗೆ ಮಕ್ಕಳಿಗೆ ಹೇಳಲಿಲ್ಲ. ಹಾಡಿನ ಮಾತುಗಳನ್ನು ಒಂದು ಹಾಳೆಯಲ್ಲಿ ಪ್ರಿಂಟ್ ಮಾಡಿ ಕೊಟ್ಟೆ. ಹಾಡಿದವರ ಹೆಸರಿಲ್ಲ, ಇಸವಿ ಇಲ್ಲ. ‘ನಾನು’ ಬಂದಲ್ಲಿ ಒಂದು ಬಣ್ಣ, ‘ನೀನು’ ಬಂದಲ್ಲಿ ಇನ್ನೊಂದು, ‘ನಾವು’ ಬಂದಲ್ಲಿ ಮತ್ತೊಂದು ಬಣ್ಣದ ಗೆರೆ ಎಳೆಯಿರಿ ಅಂದೆ. ಇದನ್ನು ನಾನು ಯಾವ ಹಾಡಿಗೂ ಬಿಡುವುದಿಲ್ಲ. ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ತಿಳಿಯದೆ ಅರ್ಥ ಹುಡುಕಲು ಹೊರಟರೆ ನಮ್ಮ ತಲೆಯಲ್ಲಿ ಇರುವುದೇ ಹಾಡಿನಲ್ಲೂ ಸಿಗುತ್ತದೆ.

ಗೆರೆ ಎಳೆದಾಗ ಕಂಡದ್ದು ಇಷ್ಟು. ಹಾಡುವವನು ಆನಾ ಎಂಬವಳ ಹತ್ತಿರ ಮಾತಾಡುತ್ತಿದ್ದಾನೆ. ನೀನು ಸಾಯಬೇಕು ಅನ್ನುತ್ತಾನೆ. ನೀನಿರುವಷ್ಟು ಹೊತ್ತು ‘ನಾವು’ ಇಲ್ಲ ಅನ್ನುತ್ತಾನೆ. ಹಾಗೆಂದು ಸ್ವಲ್ಪ ಹೊತ್ತಿಗೇ ನೀನು ನನಗೆ ಬೇಕು ಅಂತಾನೆ. ಮಕ್ಕಳು ಒಕ್ಕೊರಲಿನಲ್ಲಿ ‘ಲವ್ ಫೇಲ್ಯೂರ್ ಸರ್’ ಅಂದರು. ಅನ್ನಲಿ, ಹಾಳೆಯ ಮೇಲೆ ನೋಡಿದರೆ ಅದು ತಪ್ಪೂ ಅಲ್ಲ. ಹಿಂದಿನ ಬೆಂಚಿನ ಒಬ್ಬಳು ಮಾತ್ರ ಒಪ್ಪಲಿಲ್ಲ. ‘ಹುಡುಗಿ ಬಿಟ್ಟು ಹೋದರೆ ತನ್ನ ಮೈ ದಪ್ಪ ಕಾಣ್ತದೆ ಅಂತ ಯಾಕೆ ಹೇಳ್ತಾನೆ?’ ಅಂದಳು.

ಅವಳು ಹಿಡಿದ ಸಾಲೇ ಬೀಗದ ಕೈ. ತಲೆಯೊಳಗೆ ಒಂದು ಸೌಂದರ್ಯ ಸ್ಪರ್ಧೆ ನಡೆಯುತ್ತಿದೆ, ಅಲ್ಲಿ ಮಾಂಸ ಇನ್ನಷ್ಟು ದಪ್ಪ ಕಾಣುತ್ತದೆ ಎಂಬಂಥ ಮಾತು ಅದು. ಆಮೇಲೆ ನಾನು ಹಿನ್ನೆಲೆ ಹೇಳಿದೆ. ಆನಾ ಅಂದರೆ ಅನೊರೆಕ್ಸಿಯಾ, ಊಟ ಬಿಟ್ಟು ಮೈ ಸೊರಗಿಸಿಕೊಳ್ಳುವ ಕಾಯಿಲೆ. ಜಾನ್ಸ್‌ಗೆ ಅದು ಬಂದಿತ್ತು, ಅವನೇ ಎಲ್ಲರ ಮುಂದೆ ಹೇಳಿಕೊಂಡಿದ್ದಾನೆ. ಕಾಯಿಲೆಯನ್ನೇ ಎದುರಿಗೆ ಕೂರಿಸಿಕೊಂಡು ಹೆಸರಿಟ್ಟು ಮಾತಾಡಿಸಿದ್ದಾನೆ. ಆ ‘ಸ್ಪರ್ಧೆ’ ಎಂಬ ಮಾತು ನನಗೆ ಮುಖ್ಯ. ಹೊರಗಿನ ಸ್ಟೇಜು ಕಾರ್ಯಕ್ರಮ ಮುಗಿದ ಮೇಲೆ ಖಾಲಿಯಾಗುತ್ತದೆ, ಲೈಟ್ ಆರಿಸುತ್ತಾರೆ. ತಲೆಯೊಳಗಿನ ಸ್ಟೇಜಿಗೆ ಮಧ್ಯಂತರವೂ ಇಲ್ಲ, ಮಂಗಳವೂ ಇಲ್ಲ. ನೋಡುವವನು, ಮಾರ್ಕು ಹಾಕುವವನು, ನಿಂತವನು, ಎಲ್ಲ ಒಬ್ಬನೇ. ಚಿಕ್ಕಂದಿನ ಹೆಸರಿಗೆ ತೆತ್ತ ಬೆಲೆ ಅಂತ ಏನಾದರೂ ಈ ಹಾಡಿನಲ್ಲಿ ಇದ್ದರೆ ಅದು ಅಲ್ಲಿ ಉಂಟು ಅಂತ ನನ್ನ ಓದು. ಅಭಿಮಾನಿ, ಚಪ್ಪಾಳೆ, ದುಡ್ಡು ಇಂಥದ್ದರ ಸುದ್ದಿಯೇ ಇದರಲ್ಲಿಲ್ಲ.

ಇಲ್ಲೊಂದು ಎಚ್ಚರ ಬೇಕು. ‘ಫೇಮಸ್ ಆದದ್ದಕ್ಕೇ ಕಾಯಿಲೆ ಬಂತು’ ಅಂತ ಒಬ್ಬ ಬರೆದ. ಹೊಡೆದು ಹಾಕಿಸಿದೆ. ಈ ಕಾಯಿಲೆಗೆ ಕಾರಣ ಒಂದಲ್ಲ, ಕ್ಯಾಮೆರಾ ಕಾಣದ ಮಕ್ಕಳಿಗೂ ಬರುತ್ತದೆ. ಹಾಡು ಹೇಳದ್ದನ್ನು ಹಾಡಿನ ಬಾಯಿಗೆ ತುರುಕಬಾರದು ಅಲ್ವಾ? ಇನ್ನೊಂದು, ಹೈಸ್ಕೂಲಿಗಿಂತ ಚಿಕ್ಕವರಿಗೆ ನಾನು ಈ ಹಾಡು ಕೊಡುವುದಿಲ್ಲ. ಕೊಟ್ಟ ದಿನ ಬೋರ್ಡಿನ ಮೂಲೆಯಲ್ಲಿ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿಯ 14416 ಬರೆದಿಡುತ್ತೇನೆ. ಭಾಷಣ ಮಾಡುವುದಿಲ್ಲ, ಸುಮ್ನೆ ಬರೆದಿರುತ್ತದೆ.

ಹಿನ್ನೆಲೆ ಗೊತ್ತಾದದ್ದೇ ತಡ, ಮಕ್ಕಳಿಗೆ ಎಲ್ಲ ಹಾಡಿನಲ್ಲೂ ಅದೇ ಕಾಣತೊಡಗಿತು. ಬ್ಯಾಂಡಿನ ಮೊದಲ ಹಿಟ್ ‘ಟುಮಾರೊ’ ಹಾಕಿದರೆ ಅದೂ ಖ್ಯಾತಿಯ ಸಂಕಟವಂತೆ. ಇಸವಿ ನೋಡಿ ಅಂದೆ. ಅದು 1994ರಲ್ಲಿ ಸ್ಪರ್ಧೆ ಗೆದ್ದ ಹಾಡು. ಆಗ ಅವರನ್ನು ಊರಾಚೆ ಯಾರಿಗೂ ಗೊತ್ತಿರಲಿಲ್ಲ, ಇಲ್ಲದ ಖ್ಯಾತಿಗೆ ಅಳುವುದು ಹೇಗೆ? ಟೀವಿಯಲ್ಲಿ ಕಂಡ ಒಬ್ಬ ಶ್ರೀಮಂತ, ಒಬ್ಬ ಬಡವನ ಕಾರ್ಯಕ್ರಮದಿಂದ ಆ ಹಾಡು ಹುಟ್ಟಿತು ಅಂತ ಜಾನ್ಸ್ ಹೇಳಿದ್ದಾನೆ. ಹಾಡು ಯಾವಾಗ ಬರೆದದ್ದು, ಬರೆದವನಿಗೆ ಆಗ ವಯಸ್ಸೆಷ್ಟು ಅಂತ ಎರಡು ಅಂಕಿ ಹಾಳೆಯ ತಲೆಯಲ್ಲಿ ಬರೆದರೆ ಅರ್ಧ ತಪ್ಪು ಓದು ಅಲ್ಲೇ ನಿಲ್ಲುತ್ತದೆ.

ಹೋಲಿಸಿ ನೋಡಲು ಮೈಕಲ್ ಜಾಕ್ಸನ್‌ನ ‘ಚೈಲ್ಡ್‌ಹುಡ್’ ಹಾಕಿದೆ. ಅದು ರಾಕ್ ಅಲ್ಲ, ಗೊತ್ತು. ಆದರೆ ವಿಷಯ ನೇರವಾಗಿ ಇದೇ. 1969ರಲ್ಲಿ ಜಾಕ್ಸನ್ 5 ತಂಡದ ಮೊದಲ ದೊಡ್ಡ ಹಿಟ್ ಬಂದಾಗ ಅವನಿಗೆ 11. ‘ಚೈಲ್ಡ್‌ಹುಡ್’ ಬಂದದ್ದು 1995ರಲ್ಲಿ, ಆಗ 36. ನನ್ನ ಬಾಲ್ಯ ಎಲ್ಲಾದರೂ ಕಂಡಿರಾ ಅಂತ ಕೇಳುತ್ತಾ ಹೋಗುತ್ತಾನೆ, ತೀರ್ಪು ಕೊಡುವ ಮುಂಚೆ ನನ್ನನ್ನು ಪ್ರೀತಿಸಲು ನೋಡಿ ಅಂತಾನೆ. ಅದಕ್ಕೆ ಸ್ವಲ್ಪ ಮುಂಚೆ, 1993ರಲ್ಲಿ ಅವನ ಮೇಲೆ ಗಂಭೀರ ಆರೋಪ ಬಂದಿತ್ತು ಅನ್ನುವುದನ್ನೂ ಸೇರಿಸಿಯೇ ಇದನ್ನು ಓದಬೇಕು. ದುಃಖ ಸುಳ್ಳು ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿ ವಕೀಲಿಕೆಯೂ ಉಂಟು. ಆ ಹಿಂದಿನ ಬೆಂಚಿನವಳು ಇದನ್ನು ನನಗಿಂತ ಚೆನ್ನಾಗಿ ಹೇಳಿದಳು: ‘ಜಾಕ್ಸನ್ ಸಭೆಗೆ ಹೇಳ್ತಿದ್ದಾರೆ ಸರ್. ಜಾನ್ಸ್ ಬಾಗಿಲು ಹಾಕ್ಕೊಂಡು ಹೇಳ್ತಿದ್ದಾನೆ.’

ಮಾತಿನಷ್ಟೇ ವಾದ್ಯವನ್ನೂ ಕೇಳಿಸಬೇಕು. ‘ನಿಯಾನ್ ಬಾಲ್‌ರೂಮ್’ ಶುರುವಾಗುವುದು ‘ಇಮೋಶನ್ ಸಿಕ್‌ನೆಸ್’ ಎಂಬ ಉದ್ದದ ಹಾಡಿನಿಂದ. ಅದರ ಪಿಯಾನೋ ಮೇಲೆ ಕಿವಿಯಿಡಿ ಅಂದೆ. ನುಡಿಸಿದವರು ಡೇವಿಡ್ ಹೆಲ್ಫ್‌ಗಾಟ್. ಅವರೂ ಆಸ್ಟ್ರೇಲಿಯಾದವರು, ಚಿಕ್ಕಂದಿನಲ್ಲೇ ಅಪರೂಪದ ಪ್ರತಿಭೆ ಅನ್ನಿಸಿಕೊಂಡವರು, ಆಮೇಲೆ ಮಾನಸಿಕ ಕಾಯಿಲೆಯಿಂದ ವರ್ಷಗಟ್ಟಲೆ ನರಳಿದವರು. ಅವರ ಬದುಕಿನ ಮೇಲೆ 1996ರಲ್ಲಿ ‘ಶೈನ್’ ಸಿನಿಮಾ ಬಂತು. ಹತ್ತೊಂಬತ್ತರ ಹುಡುಗನ ಹಾಡಿಗೆ ಐವತ್ತು ದಾಟಿದ ಆ ಮನುಷ್ಯ ಪಿಯಾನೋ ನುಡಿಸುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಮಕ್ಕಳು ಮತ್ತೆ ಹಾಕಿ ಅಂದರು. ತಂತಿವಾದ್ಯಗಳ ನಡುವೆ ಆ ಪಿಯಾನೋ ಒಮ್ಮೆ ಅವಸರಪಡುತ್ತದೆ, ಒಮ್ಮೆ ಚದುರುತ್ತದೆ, ಹಾಡುಗಾರ ಹಾಳೆಯಲ್ಲಿ ಬರೆಯದ್ದನ್ನು ಅದು ಹೇಳುತ್ತದೆ. ಅಲ್ಲೂ ಒಂದು ಮಾತು ಸೇರಿಸಿದೆ: ಸಿನಿಮಾ ತೋರಿಸಿದ ಕಠೋರ ಅಪ್ಪನ ಚಿತ್ರ ಸರಿಯಲ್ಲ ಅಂತ ಹೆಲ್ಫ್‌ಗಾಟರ ಅಕ್ಕನೇ ಪುಸ್ತಕ ಬರೆದಿದ್ದಾರೆ. ಮನೆಯೊಳಗಿನ ಕಥೆಗೆ ಸಾಕ್ಷಿ ಒಬ್ಬರೇ ಇರುವುದಿಲ್ಲ.

ಟೀವಿ ಹುಡುಗ ಅವತ್ತು ತಾನಾಗಿಯೇ ಬಾಯಿ ಬಿಟ್ಟ. ಶೂಟಿಂಗಿನ ದಿನ ಡ್ರೆಸ್ಸಿಗೆ ಚಟ್ನಿ ಬೀಳ್ತದೆ ಅಂತ ಇಡ್ಲಿಯನ್ನು ಸಕ್ಕರೆ ಹಚ್ಚಿ ಕೊಡ್ತಿದ್ದರಂತೆ. ಎಲಿಮಿನೇಟ್ ಆದಾಗ ಅವನು ಅತ್ತದ್ದು ಕ್ಯಾಮೆರಾಕ್ಕೆ ಸಿಗಲಿಲ್ಲ, ಇನ್ನೊಮ್ಮೆ ಅಳು ಅಂದರಂತೆ. ‘ಅಮ್ಮನನ್ನು ನೆನೆಸ್ಕೊ ಅಂದ್ರು ಸರ್. ಅಮ್ಮ ಎದುರಿಗೇ ನಿಂತಿದ್ರು.’ ಎಲ್ಲರೂ ನಕ್ಕರು, ಅವನೂ ನಕ್ಕ. ಆಮೇಲೆ ಅವನೇ, ‘ನಾನು ಹಾಡು ಬರೆದ್ರೆ ಸಕ್ಕರೆ ಇಡ್ಲಿ ಹಾಕ್ತೇನೆ. ಫೇಮಸ್ ಅಂತೆಲ್ಲ ಹಾಕೂದಿಲ್ಲ’ ಅಂದ. ಅವನಿಗೆ ಪಾಠ ಹಿಡಿದಿತ್ತು. ಇಂಥ ಹಾಡುಗಳಲ್ಲಿ ನಷ್ಟದ ಲೆಕ್ಕ ದೊಡ್ಡ ಮಾತಿನಲ್ಲಿ ಇರುವುದು ಕಮ್ಮಿ. ಊಟ, ನಿದ್ದೆ, ಮೈ, ಬಾಗಿಲು ಇಂಥವುಗಳ ಕಡೆ ಗೆರೆ ಎಳೆಯಬೇಕು.

ಅವನ ಅಮ್ಮ ಒಂದು ಸಂಜೆ ಬಂದವರು, ‘ಇದೆಲ್ಲ ಫಾರಿನ್ ಕಥೆಯಲ್ವಾ ಸರ್, ನಮ್ಮಲ್ಲಿ ಇಂಥ ಮಕ್ಕಳಿಗೆ ಎಲ್ಲಿ ರೂಲ್ಸ್ ಉಂಟು?’ ಅಂದರು. ಉಂಟು. ಅಮೆರಿಕದಲ್ಲಿ 1921ರ ‘ದ ಕಿಡ್’ ಸಿನಿಮಾದ ಬಾಲನಟ ಜಾಕಿ ಕೂಗನ್ ದೊಡ್ಡವನಾಗಿ ನೋಡಿದರೆ ದುಡಿದ ಹಣವನ್ನು ತಾಯಿ, ಮಲತಂದೆ ಖರ್ಚು ಮಾಡಿ ಆಗಿತ್ತು. 1938ರಲ್ಲಿ ಕೋರ್ಟಿಗೆ ಹೋದ, 1939ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಬಾಲನಟರ ದುಡಿಮೆ ಕಾಪಾಡುವ ಕಾನೂನು ಮಾಡಿತು. ನಮ್ಮಲ್ಲಿ ಬಾಲಕಾರ್ಮಿಕ ಕಾಯ್ದೆಯ 2017ರ ನಿಯಮಗಳಲ್ಲಿ ಬಾಲ ಕಲಾವಿದರ ವಿಷಯ ಉಂಟು. ದಿನಕ್ಕೆ 5 ಗಂಟೆಗಿಂತ ಜಾಸ್ತಿ ಇಲ್ಲ, ವಿಶ್ರಾಂತಿ ಕೊಡದೆ 3 ಗಂಟೆ ದಾಟುವ ಹಾಗಿಲ್ಲ, ಮಗುವಿಗೆ ಇಷ್ಟವಿಲ್ಲದಿದ್ದರೆ ಮಾಡಿಸುವ ಹಾಗಿಲ್ಲ. ಬಂದ ಹಣದಲ್ಲಿ ಕನಿಷ್ಠ ಶೇಕಡಾ 20 ಮಗುವಿನ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಎಫ್‌ಡಿ ಆಗಬೇಕು. ಅವರು ಮೊಬೈಲಿನಲ್ಲಿ ಬರೆದುಕೊಂಡರು. ಮನೆಯಲ್ಲಿ ಚಿಕ್ಕ ಮಗಳು ಡಾನ್ಸ್ ಮಾಡ್ತಾಳಂತೆ.

ಒಂದು ಸಾಲಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ‘ನೀನು ನನಗೆ ಬೇಕು’ ಅನ್ನುವಾಗಿನ ಆ ‘ನೀನು’ ಕಾಯಿಲೆ ಮಾತ್ರವಾ, ಕೇಳುವ ನಾವೂ ಸೇರಿಯಾ? ಹುಡುಗಿ ಹೇಳುತ್ತಾಳೆ, ನಾವೂ ಸೇರಿ. ದ್ವೇಷ ಇದ್ದೂ ಬಿಡಲಾಗದ್ದು ಅಭಿಮಾನಿಗಳನ್ನೂ ಅಲ್ವಾ ಅಂತ. ಟೀವಿ ಹುಡುಗ ಖಂಡಿತ ಒಪ್ಪುವುದಿಲ್ಲ. ಅಭಿಮಾನಿಗಳಿಗೆ ಹೆದರಿ ಇಷ್ಟು ಮೆಲ್ಲಗೆ ಯಾರೂ ಹಾಡುವುದಿಲ್ಲವಂತೆ. ನನ್ನ ಓಟು ಸದ್ಯಕ್ಕೆ ಅವನಿಗೆ. ಅವಳು ಎರಡನೇ ಆಲ್ಬಂ ‘ಫ್ರೀಕ್ ಶೋ’ದ ಹಾಡುಗಳನ್ನೂ ಪ್ರಿಂಟ್ ಮಾಡಿ ತಂದಿದ್ದಾಳೆ, 1997ರದ್ದು, ಬರೆದವನಿಗೆ ಆಗ 17 ಅಂತ ತಲೆಯಲ್ಲೇ ಬರೆದಿದ್ದಾಳೆ. ಬರುವ ಭಾನುವಾರ ಅವಳದ್ದೇ ಪಾಠ.