ಸ್ಕಾಲರ್‌ಶಿಪ್ ಅರ್ಜಿಗೂ ಮೊದಲು ಬ್ಯಾಂಕಿಗೆ ಹೋಗಿ

ಪಾವಗಡ, ಮಧುಗಿರಿ, ಶಿರಾ ಕಡೆಯಿಂದ ತುಮಕೂರಿಗೆ ಡಿಗ್ರಿ ಓದಲು ಬರುವ ಮಕ್ಕಳಿಗೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಜಾಲತಾಣವಾದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸುತ್ತೇನೆ. ನನ್ನ ಅನುಭವದಲ್ಲಿ ಅರ್ಹತೆಯಿಲ್ಲದೆ ಹಣ ತಪ್ಪುವುದಕ್ಕಿಂತ, ಮಂಜೂರಾಗಿಯೂ ಕೈಗೆ ಬಾರದಿರುವುದೇ ಹೆಚ್ಚು. ಅದಕ್ಕೇ ಸೈಬರ್ ಸೆಂಟರಿಗಿಂತ ಮೊದಲು ಬ್ಯಾಂಕಿಗೆ ಕಳಿಸುತ್ತೇನೆ.

ಹಣ ಬೀಳುವುದು ವಿದ್ಯಾರ್ಥಿಯ ಆಧಾರ್‌ಗೆ ಎನ್‌ಪಿಸಿಐನಲ್ಲಿ (ಬ್ಯಾಂಕುಗಳ ನಡುವಿನ ಪಾವತಿ ವ್ಯವಸ್ಥೆ ನಡೆಸುವ ಸಂಸ್ಥೆ) ಜೋಡಣೆಯಾದ ಖಾತೆಗೆ. ಖಾತೆ ತೆರೆಯುವಾಗ ಆಧಾರ್ ಜೆರಾಕ್ಸ್ ಕೊಟ್ಟಿದ್ದರೆ ಜೋಡಣೆ ಆಗಿಯೇ ಇರುತ್ತದೆ ಎನ್ನುವಂತಿಲ್ಲ. ಅದಕ್ಕೆ ಬ್ಯಾಂಕಿನಲ್ಲಿ ಒಪ್ಪಿಗೆ ಪತ್ರ ಬೇರೆ ಕೊಡಬೇಕು. ಆಧಾರ್ ಕೊಡುವ ಯುಐಡಿಎಐ ಜಾಲತಾಣದಲ್ಲಿ ಒಟಿಪಿ ಹಾಕಿದರೆ ಯಾವ ಬ್ಯಾಂಕು ಜೋಡಣೆಯಾಗಿದೆ ಎಂದು ತಿಳಿಯುತ್ತದೆ. ಒಂದು ಆಧಾರ್‌ಗೆ ಒಂದೇ ಬ್ಯಾಂಕು. ಆಮೇಲೆ ಬೇರೆ ಕಡೆ ಖಾತೆ ತೆರೆದು ಅಲ್ಲಿ ಜೋಡಿಸಿದರೆ ಹಣ ಅಲ್ಲಿಗೇ ಹೋಗುತ್ತದೆ. ಹುಡುಗಿ ಹಳೇ ಪಾಸ್‌ಬುಕ್ ಎಂಟ್ರಿ ಮಾಡಿಸುತ್ತಲೇ ಇರುತ್ತಾಳೆ. ಹೈಸ್ಕೂಲಿನಲ್ಲಿ ತೆರೆದ ಖಾತೆಯಾದರೆ ಇನ್ನೂ ಎರಡು ತೊಡಕು: ಎರಡು ವರ್ಷ ವಹಿವಾಟಿಲ್ಲದಿದ್ದರೆ ಅದು ನಿಷ್ಕ್ರಿಯ, 18 ತುಂಬಿದ ಮೇಲೆ ಹೊಸದಾಗಿ ಕೆವೈಸಿ. ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರೂ ಚಾಲ್ತಿಯಲ್ಲಿರಬೇಕು. ಎಷ್ಟೋ ಮಕ್ಕಳದ್ದು ಅಪ್ಪನ ಹಳೇ ಸಿಮ್, ಒಟಿಪಿ ಯಾರಿಗೂ ಬಾರದು.

ಇನ್ನು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಜಾತಿ ಪತ್ರದಲ್ಲಿ ಇಲ್ಲವೇ ಇಲ್ಲ. ನಾನು ಅಂಕಪಟ್ಟಿಯನ್ನೇ ಆಧಾರವಾಗಿಟ್ಟು ಉಳಿದವನ್ನು ತಿದ್ದಿಸುತ್ತೇನೆ, ಏಕೆಂದರೆ ಅಂಕಪಟ್ಟಿ ತಿದ್ದುಪಡಿ ಶಾಲೆ, ಮಂಡಳಿ ಎಂದು ಸುತ್ತಿಸುತ್ತದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಎರಡೇ ಅವಕಾಶ. ಆದ್ದರಿಂದ ಅವಸರದಲ್ಲಿ ತಿದ್ದಿಸಬೇಡಿ. ಅಂಕಪಟ್ಟಿ ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರ ಓದಿಸಿ.

ನಾಡಕಚೇರಿಯ ಆದಾಯ ಪತ್ರಕ್ಕೆ ಐದು ವರ್ಷದ ಅವಧಿ. ಎಂಟನೇ ತರಗತಿಯಲ್ಲಿ ಮಾಡಿಸಿದ್ದು ಡಿಗ್ರಿ ಹೊತ್ತಿಗೆ ಮುಗಿದಿರುತ್ತದೆ. ಪತ್ರದ ಮೇಲಿನ ಆರ್‌ಡಿ ನಂಬರಿನಿಂದಲೇ ಪೋರ್ಟಲ್ ವಿವರ ಎಳೆದುಕೊಳ್ಳುತ್ತದೆ. ಒಂದು ಅಂಕಿ ತಪ್ಪಿದರೂ ಅಲ್ಲಿಗೇ ನಿಲ್ಲುತ್ತದೆ. ಪರಿಶಿಷ್ಟರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಕುಟುಂಬದ ಆದಾಯ ವರ್ಷಕ್ಕೆ 2.5 ಲಕ್ಷ ರೂಪಾಯಿ ಮೀರಬಾರದು. ಅಪ್ಪ ಕೂಲಿಯಾದರೂ ಪತ್ರದಲ್ಲಿ ಹೆಚ್ಚು ಬರೆದಿದ್ದರೆ ಪೋರ್ಟಲ್ ನೋಡುವುದು ಪತ್ರವನ್ನೇ. ಆದ್ದರಿಂದ ಪತ್ರ ಕೈಗೆ ಬಂದ ದಿನವೇ ಮೊತ್ತ ನೋಡಿಕೊಳ್ಳಿ.

ಅರ್ಜಿ ಸಲ್ಲಿಸಿದ ಮೇಲೆ ಕಾಲೇಜಿನವರು ಲಾಗಿನ್‌ನಲ್ಲಿ ಪರಿಶೀಲಿಸಿ ಮುಂದೆ ಕಳಿಸಬೇಕು. ಸ್ವೀಕೃತಿ ಪ್ರಿಂಟು ಕೈಲಿದೆ ಎಂದು ಸುಮ್ಮನಾಗಬೇಡಿ. ವಾರಕ್ಕೊಮ್ಮೆ ಸ್ಥಿತಿ ನೋಡಿ, ಅಲ್ಲೇ ನಿಂತಿದ್ದರೆ ಪ್ರಿಂಟು ಹಿಡಿದು ಕಾಲೇಜು ಆಫೀಸಿಗೆ ಹೋಗಿ.