ಟೋಕನ್ ತೆಗೆದ ಮೇಲೆ ಲೈನ್ ನಡೆಸಿದ್ದು ಹೀಗೆ

ತುಮಕೂರಿನ ಅಂತರಸನಹಳ್ಳಿ ಕಡೆಯ ಗಾರ್ಮೆಂಟ್ಸ್ ಒಂದರಲ್ಲಿ ಫ್ಲೋರ್ ನೋಡಿಕೊಳ್ಳುವ ಕೆಲಸ ನನ್ನದು. ಕೆಲಸಗಾರರ ಮರ್ಯಾದೆ ಅಂದಕೂಡಲೇ ತರಬೇತಿ, ಪೋಸ್ಟರು ಅನ್ನುತ್ತಾರೆ. ನಾವು ಮೊದಲು ಕೈ ಹಾಕಿದ್ದು ಟಾಯ್ಲೆಟ್ ಟೋಕನ್ನಿಗೆ. ಲೈನಿಗೆ, ಅಂದರೆ ಒಂದು ಸಾಲು ಹೊಲಿಗೆ ಮೆಷಿನ್ನುಗಳಿಗೆ, ಎರಡೇ ಟೋಕನ್; ಅದು ಕೈಗೆ ಬರುವ ತನಕ ಏಳುವ ಹಾಗಿಲ್ಲ. ಇಂಥ ಕಡೆ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಆಮೇಲೆ ಉರಿಮೂತ್ರ ಅಂತ ರಜೆ ಹಾಕುತ್ತಾರೆ.

ಟೋಕನ್ ಸುಮ್ಮನೆ ಕಿತ್ತುಹಾಕಿದರೆ ಲೈನು ನಿಲ್ಲುತ್ತದೆ, ಮೂರೇ ದಿನಕ್ಕೆ ಟೋಕನ್ ವಾಪಸ್ ಬರುತ್ತದೆ. ಅದಕ್ಕೇ ಮೊದಲು ಲೆಕ್ಕ ಹಾಕಿದೆವು. ಲೈನಿನಲ್ಲಿ 34 ಟೈಲರುಗಳು. ಒಬ್ಬೊಬ್ಬರೂ ದಿನಕ್ಕೆ ಎರಡು ಸಲ, ಸಲಕ್ಕೆ 7 ನಿಮಿಷ ಎದ್ದರೆ ಒಟ್ಟು 476 ನಿಮಿಷ. ಎಂಟು ಗಂಟೆ ಅಂದರೆ 480. ಹಾಗಾಗಿ ಲೈನಿಗೆ ಒಬ್ಬ ಫ್ಲೋಟರ್ ಸಾಕು, ಎದ್ದುಹೋದವರ ಮೆಷಿನ್ನಿಗೆ ಅಷ್ಟು ಹೊತ್ತು ಕೂರುವ ಬದಲಿ ಟೈಲರ್. ಫ್ಲೋಟರಿಗೆ ಬಾರದ ಕೆಲಸವೂ ಇರುತ್ತದಲ್ಲ, ಕಾಲರ್ ಕೂರಿಸುವುದು, ತೋಳು ಸೇರಿಸುವುದು? ಗಂಟೆಗೆ 60 ಪೀಸಿನ ಲೈನಿನಲ್ಲಿ 7 ನಿಮಿಷಕ್ಕೆ 7 ಪೀಸು. ಆ ಮೆಷಿನ್ ದಾಟಿದ ಜಾಗದಲ್ಲಿ 10 ಪೀಸಿನ ಒಂದು ಬಂಡಲ್ ಸದಾ ಕಾದಿರಲಿ, ಮುಂದಿನವರ ಕೈ ಖಾಲಿಯಾಗುವುದಿಲ್ಲ.

ಕೆಡುವುದು ಇಲ್ಲೇ: ಯಾರಾದರೂ ರಜೆ ಹಾಕಿದರೆ ಸೂಪರ್‌ವೈಸರ್ ಫ್ಲೋಟರನ್ನು ಆ ಮೆಷಿನ್ನಿಗೆ ಕೂರಿಸಿಬಿಡುತ್ತಾರೆ. ಫ್ಲೋಟರ ಹಾಜರಿಯನ್ನು ಲೈನಿನಿಂದ ತೆಗೆದು ಫ್ಲೋರ್ ಲೆಕ್ಕಕ್ಕೆ ಹಾಕಿದ ಮೇಲೆ ಅದು ನಿಂತಿತು. ಇನ್ನು ಟಾಯ್ಲೆಟ್ಟಿನಲ್ಲೇ ಕ್ಯೂ ಇದ್ದರೆ 7 ನಿಮಿಷ ಎಲ್ಲಿ ಸಾಲುತ್ತದೆ? 25 ಹೆಂಗಸರಿಗೆ ಒಂದು ಅನ್ನುವ ಲೆಕ್ಕ ಕಾಗದದಲ್ಲಲ್ಲ, ಚಿಲಕ ಬೀಳುವ ಬಾಗಿಲುಗಳನ್ನು ಎಣಿಸಿ ನೋಡಬೇಕು.

ಎರಡನೆಯದು ಬಾಯಿ. ‘ಏಯ್ ಹನ್ನೆರಡು, ಬೇಗ ಹೊಲಿಯೇ’ ಅಂತ ಮೆಷಿನ್ ನಂಬರ್ ಹಿಡಿದು ಕೂಗುವುದನ್ನು ಬಿಡಿಸಬೇಕಿತ್ತು. ಅಕ್ಕ ಅನ್ನಲಿ, ಹೆಸರು ಹಿಡಿಯಲಿ, ಮಾತು ಮಾತ್ರ ‘ಹೊಲೀರಿ, ಬನ್ನಿ’ ಅಂತ ಬಹುವಚನದಲ್ಲೇ ಇರಬೇಕು. ಮ್ಯಾನೇಜರ್ ಸೂಪರ್‌ವೈಸರನ್ನು ‘ಏನೋ’ ಅಂದರೆ ಆ ‘ಏನೋ’ ಹತ್ತು ನಿಮಿಷದಲ್ಲಿ ‘ಏನೇ’ ಆಗಿ ಕೆಳಗಿಳಿಯುತ್ತದೆ. ಹಾಗಾಗಿ ಆಫೀಸಿನಿಂದಲೇ ಶುರು ಮಾಡಿದೆವು. ತಪ್ಪು ಪೀಸನ್ನು ಎತ್ತಿ ಹಿಡಿದು ತೋರಿಸುವ ಹಾಗಿಲ್ಲ, ಎಸೆಯುವ ಹಾಗಿಲ್ಲ; ತಪ್ಪಿದ ಕಡೆ ಬಾಣದ ಸ್ಟಿಕ್ಕರ್ ಅಂಟಿಸಿ, ಮೆಷಿನ್ ಪಕ್ಕಕ್ಕೆ ಹೋಗಿ, ತಗ್ಗಿದ ದನಿಯಲ್ಲಿ.

ಬೈಗುಳದ ಬೇರು ಬಹುಪಾಲು ಟಾರ್ಗೆಟ್ ಬೋರ್ಡಿನಲ್ಲಿದೆ. ಒಂದು ಶರ್ಟಿಗೆ 20 ನಿಮಿಷದ ಕೆಲಸ, 34 ಜನ, ಗಂಟೆಗೆ 102 ಪೀಸು: ಇದು ಬರೀ ಕಾಗದದ ಲೆಕ್ಕ. ಹೊಸ ಸ್ಟೈಲ್ ಬಂದ ದಿನವೂ ಅದನ್ನೇ ಬರೆದರೆ ಬೆಳಿಗ್ಗೆ ಹತ್ತಕ್ಕೇ ಕೂಗಾಟ. ನಾವು ಮೊದಲ ದಿನ ಗಂಟೆಗೆ 30, ಮರುದಿನ 45, ಆಮೇಲೆ 60 ಅಂತ ಬರೆಯುತ್ತೇವೆ.

ನಿಂತೇ ಕೆಲಸ ಮಾಡುವ ಚೆಕಿಂಗ್, ಐರನ್ ಟೇಬಲ್ಲಿಗೆ ಸ್ಟೂಲು ಹಾಕಿಸಿದೆವು. 1948ರ ಕಾರ್ಖಾನೆ ಕಾಯ್ದೆಯ 44ನೇ ಕಲಮಿನಲ್ಲೇ ಕೂರುವ ವ್ಯವಸ್ಥೆಯ ಮಾತಿತ್ತು. ಸಂಬಳದ ಚೀಟಿ ಕನ್ನಡಕ್ಕೆ ಬಂತು, ಓಟಿ ಗಂಟೆ ಮತ್ತು ಉಳಿದ ರಜೆ ಬೇರೆ ಬೇರೆ ಸಾಲಿನಲ್ಲಿ.

ದೂರಿನ ಪೆಟ್ಟಿಗೆ ಆಫೀಸ್ ಬಾಗಿಲಲ್ಲಿ, ಸಿಸಿಟಿವಿ ಕೆಳಗೆ ಇದ್ದಷ್ಟು ದಿನ ಖಾಲಿಯೇ ಇತ್ತು. ಹೆಂಗಸರು ಕೈತೊಳೆಯುವ ಜಾಗಕ್ಕೆ ಸರಿಸಿ, ಪಕ್ಕದಲ್ಲಿ ಪೆನ್ನು ಕಟ್ಟಿದೆವು. ಎರಡು ಬೀಗ: ಒಂದರ ಕೀ ಕೆಲಸಗಾರರ ಸಮಿತಿಯವರ ಹತ್ತಿರ, ಇನ್ನೊಂದು ನಮ್ಮ ಹತ್ತಿರ. ಶನಿವಾರ ತೆಗೆದರೆ ಮುಂದಿನ ಶನಿವಾರದೊಳಗೆ ಉತ್ತರ ನೋಟಿಸ್ ಬೋರ್ಡಿಗೆ ಬೀಳಬೇಕು, ‘ಆಗುವುದಿಲ್ಲ, ಕಾರಣ ಇದು’ ಅಂತಾದರೂ. ಲೈಂಗಿಕ ಕಿರುಕುಳದ ಚೀಟಿ ಬಂದರೆ ಅದು ಬೋರ್ಡಿಗಲ್ಲ, ಮುಚ್ಚಿದ ಲಕೋಟೆಯಲ್ಲಿ ಆಂತರಿಕ ಸಮಿತಿಗೆ.