ಮರು ಆರ್‌ಸಿಟಿಯಲ್ಲಿ ನೀಲಿ ಬಣ್ಣ, ಕೆಂಪು ಬೆಳಕು: ನನ್ನ ಅನುಭವ

ಹಲ್ಲಿನ ಬೇರಿನ ಕಾಲುವೆಗೆ (ಕೆನಾಲ್) ಮೆಥಿಲೀನ್ ಬ್ಲೂ ಬಣ್ಣ ತುಂಬಿ, ಕೆಂಪು ಲೇಸರ್ ಬೆಳಕು ಬಿಟ್ಟು ಬ್ಯಾಕ್ಟೀರಿಯಾ ಕೊಲ್ಲುವ ವಿಧಾನವೇ ಫೋಟೋಡೈನಮಿಕ್ ಥೆರಪಿ. ನೀಲಿ ನೀರು ಹಾಕಿ ಟಾರ್ಚ್ ಹಿಡಿದರೆ ಹಠಮಾರಿ ಬ್ಯಾಕ್ಟೀರಿಯಾ ಎಂಟೆರೊಕಾಕಸ್ ಸಾಯುತ್ತದೆಯೇ ಎಂದು ಕೇಳಿದವರಿಗೆ ಈಗ ಚಿಕಿತ್ಸೆಯಾಗಿ ವರ್ಷ ಕಳೆದ ಎಕ್ಸ್‌ರೇ ತೋರಿಸುತ್ತೇನೆ. ಹಳೆಯ ಆರ್‌ಸಿಟಿ (ರೂಟ್ ಕೆನಾಲ್ ಚಿಕಿತ್ಸೆ) ಕೆಟ್ಟು, ಒಸಡಿನಲ್ಲಿ ಕೀವು ಹೊರಬರುವ ದಾರಿ (ಸೈನಸ್ ಟ್ರ್ಯಾಕ್) ಆಗಿ ಬಂದ ಹಲ್ಲುಗಳಲ್ಲಿ ಬಹುಪಾಲು ವಾಸಿಯಾಗಿವೆ. ಇದು ಕೆನಾಲ್ ತೊಳೆಯುವ ಸೋಡಿಯಂ ಹೈಪೊಕ್ಲೋರೈಟಿಗೆ ಬದಲಿ ಅಲ್ಲ, ಅದರ ಮೇಲೆ ಇನ್ನೊಂದು ಸುತ್ತು.

ಮೊದಲು ದುಡ್ಡಿನ ಮಾತು. ಒಸಡು ಕತ್ತರಿಸುವ 810 ನ್ಯಾನೋಮೀಟರ್ ಡಯೋಡ್ ಲೇಸರ್ ಇದೆಯೆಂದು ಅದನ್ನೇ ಮೆಥಿಲೀನ್ ಬ್ಲೂ ಜೊತೆ ಬಳಸುವವರು ಬಹಳ. ಅದರಿಂದ ಸಿಗುವುದು ಬರೀ ಕಾವು. ಈ ಬಣ್ಣ ಹೀರುವುದು 660ರ ಆಸುಪಾಸಿನ ಕೆಂಪು ಬೆಳಕನ್ನು. 810ಕ್ಕೆ ಇಂಡೋಸಯನಿನ್ ಗ್ರೀನ್ ಎಂಬ ಇನ್ನೊಂದು ಬಣ್ಣ ಹೊಂದುತ್ತದೆ, ಆದರೆ ವಯಲ್ ದುಬಾರಿ, ಕಲಸಿದರೆ ಅಂದೇ ಮುಗಿಸಬೇಕು. 660ರ ಯಂತ್ರಕ್ಕೆ ನಾನು ಕೊಟ್ಟದ್ದು 50 ಸಾವಿರದ ಆಚೀಚೆ. ಯಂತ್ರದ ಮೇಲೆ 100 ಮಿಲಿವ್ಯಾಟ್ ಎಂದು ಬರೆದಿದ್ದರೂ 200 ಮೈಕ್ರಾನ್ ಫೈಬರಿನ ತುದಿಯಲ್ಲಿ ಪವರ್ ಮೀಟರ್ ತೋರಿಸಿದ್ದು 60ರ ಹತ್ತಿರ. ಅಳೆಯದೆ ಸೆಕೆಂಡು ಎಣಿಸಿದರೆ ಅರ್ಧ ಡೋಸ್ ಕೊಟ್ಟು ವಿಧಾನವನ್ನು ಬೈದ ಹಾಗಾಗುತ್ತದೆ.

ಬಣ್ಣಕ್ಕೆ ಖರ್ಚೇ ಇಲ್ಲ. 1% ಇಂಜೆಕ್ಷನ್ ಆಂಪೂಲಿನಿಂದ 0.1 ಮಿ.ಲೀ., ಅದಕ್ಕೆ 9.9 ಮಿ.ಲೀ. ಸ್ಟೆರೈಲ್ ವಾಟರ್. ಸಲೈನ್ ಬೇಡ, ಉಪ್ಪಿದ್ದರೆ ಬಣ್ಣದ ಅಣುಗಳು ಒಂದಕ್ಕೊಂದು ಅಂಟುತ್ತವೆ. ಗಾಢವಾದಷ್ಟೂ ಒಳ್ಳೆಯದೆಂಬುದೂ ಸುಳ್ಳು: ಕಡುನೀಲಿ ದ್ರವವೇ ಬೆಳಕು ನುಂಗಿ, ಕೆನಾಲ್ ಗೋಡೆಯ ಬಯೋಫಿಲ್ಮ್ (ಬ್ಯಾಕ್ಟೀರಿಯಾ ಅಂಟಿದ ಪದರ) ಕತ್ತಲಲ್ಲಿ ಉಳಿಯುತ್ತದೆ.

ಹೆಚ್ಚು ಸೋಲು ಉಳಿದುಹೋದ ಹೈಪೊಕ್ಲೋರೈಟಿನಿಂದ. ಅದು ಬಣ್ಣವನ್ನು ನಿಮಿಷದಲ್ಲಿ ಸುಡುತ್ತದೆ. ಹಾಗಾಗಿ 17% ಇಡಿಟಿಎ (ಕೆನಾಲ್ ಗೋಡೆಯ ಕೊಳೆ ತೆಗೆಯುವ ದ್ರಾವಣ) ಒಂದು ನಿಮಿಷ, ಆಮೇಲೆ ಸ್ಟೆರೈಲ್ ವಾಟರ್ ಧಾರಾಳವಾಗಿ, ಕೆನಾಲಿಗೆ ಸುಮಾರು 10 ಮಿ.ಲೀ. ಒಂದು ಪೇಪರ್ ಪಾಯಿಂಟ್ (ಕೆನಾಲಿನ ತೇವ ಹೀರುವ ಕಾಗದದ ಕಡ್ಡಿ) ಒಳಗಿಟ್ಟು ತೆಗೆದು, ತುದಿಗೆ ಒಂದು ಹನಿ ಬಣ್ಣ ತಾಗಿಸುತ್ತೇನೆ. ನೀಲಿ ನೀಲಿಯಾಗೇ ನಿಂತರೆ ಮುಂದೆ. ನೇರಳೆಗೆ ತಿರುಗಿದರೆ ಅಥವಾ ಮಾಸಿದರೆ ಮತ್ತೆ ತೊಳೆಯಬೇಕು.

ಕೆನಾಲ್ ಕನಿಷ್ಠ 30ರ ಫೈಲ್ ಸೈಜಿಗೆ ಅಗಲವಾಗಿರಲಿ. 30 ಗೇಜ್ ಸೈಡ್ ವೆಂಟ್ (ಪಕ್ಕದಲ್ಲಿ ತೂತಿರುವ) ಸೂಜಿಯಲ್ಲಿ ಬಣ್ಣ ತುಂಬಿ, ಎರಡರಿಂದ ಐದು ನಿಮಿಷ ಬಿಟ್ಟು, ಹೆಚ್ಚಿನದನ್ನು ಒಂದೇ ಪಾಯಿಂಟಿನಿಂದ ಎಳೆಯುತ್ತೇನೆ. ಪೂರ್ತಿ ಒಣಗಿಸಬಾರದು, ನೀರಿನಲ್ಲಿ ಕರಗಿದ ಆಮ್ಲಜನಕವಿಲ್ಲದೆ ಬ್ಯಾಕ್ಟೀರಿಯಾ ಕೊಲ್ಲುವ ಸಿಂಗ್ಲೆಟ್ ಆಕ್ಸಿಜನ್ ಹುಟ್ಟುವುದಿಲ್ಲ. ಫೈಬರನ್ನು ತುದಿಯಿಂದ ಮೇಲಕ್ಕೆ ತಿರುಗಿಸುತ್ತಾ 60 ಸೆಕೆಂಡು, ಹೊಸ ಬಣ್ಣ ಹಾಕಿ ಇನ್ನೊಂದು 60. ಒಟ್ಟು 7 ಜೂಲ್ ಚಿಲ್ಲರೆ. ಎರಡು ಸುತ್ತು ಯಾಕೆಂದರೆ ಒಳಗಿನ ಬಣ್ಣವೂ ಆಮ್ಲಜನಕವೂ ಮೊದಲ ಸುತ್ತಿಗೇ ಸವೆಯುತ್ತವೆ. ದವಡೆ ಹಲ್ಲಿನ ಬಾಗಿದ ಮೀಸಿಯೋಬಕಲ್ (ಕೆನ್ನೆ ಬದಿಯ ಮುಂದಿನ) ಕೆನಾಲಿಗೆ ಫೈಬರ್ ಮುರಿಯದಂತೆ ಇಳಿಸುವ ಕೈಚಳಕ ಸದ್ಯ ನನ್ನಲ್ಲೇ ಇರಲಿ.

ಬಾಯಿಯ ಮುಂಭಾಗದ ಹಲ್ಲಾದರೆ ಕೊನೆಗೆ ಮತ್ತೆ ಹೈಪೊಕ್ಲೋರೈಟ್, ನೀಲಿ ಪೂರ್ತಿ ಹೋಗುವ ತನಕ. ಇಲ್ಲದಿದ್ದರೆ ಹಲ್ಲಿನ ಕಾಣುವ ಭಾಗದಲ್ಲಿ (ಕಿರೀಟ) ಕಲೆ ನಿಲ್ಲುತ್ತದೆ.

ಬಣ್ಣವಾಗಿ ಅರಿಶಿನದ ಕರ್ಕ್ಯುಮಿನ್, ಬೆಳಕಿಗೆ ಕಾಂಪೋಸಿಟ್ ಫಿಲ್ಲಿಂಗ್ ಗಟ್ಟಿಯಾಗಿಸುವ ನೀಲಿ ಕ್ಯೂರಿಂಗ್ ಲೈಟನ್ನೂ ನೋಡಿದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಸ್ವಲ್ಪ ಆಲ್ಕೋಹಾಲ್ ಬೇಕು. ಬಾಯಿಂದ ತೆಗೆದ ಡೆಂಚರಿನ (ಕೃತಕ ಹಲ್ಲಿನ ಸೆಟ್ಟಿನ) ಕ್ಯಾಂಡಿಡಾ ಶಿಲೀಂಧ್ರಕ್ಕೆ ಚೆನ್ನಾಗಿದೆ. ಕೆನಾಲಿನೊಳಗೆ ಆ ಬೆಳಕು ಇಳಿಯುವುದೇ ಇಲ್ಲ. ಪೆರಿಯೋ ಪಾಕೆಟ್ಟಿನಲ್ಲಿ (ಒಸಡು ಹಲ್ಲು ಬಿಟ್ಟ ಸಂದು) ಸ್ಕೇಲಿಂಗ್ ಆದ ಕೂಡಲೇ ಈ ವಿಧಾನ ಮಾಡಿದರೆ ರಕ್ತ ಬಣ್ಣವನ್ನು ತೊಳೆದೊಯ್ಯುತ್ತದೆ, ಸೀರಮ್ ಪ್ರೋಟೀನೂ ಅದನ್ನು ಹಿಡಿದುಕೊಳ್ಳುತ್ತದೆ. ರಕ್ತ ನಿಂತ ಮೇಲಿನ ಭೇಟಿಗೆ ಇಟ್ಟುಕೊಳ್ಳಿ.

ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಕಿಣ್ವ) ಕೊರತೆ ಇದ್ದವರಿಗೆ ಮೆಥಿಲೀನ್ ಬ್ಲೂ ಮುಟ್ಟಿಸುವುದಿಲ್ಲ. 660ಕ್ಕೆ ತಕ್ಕ ಕನ್ನಡಕ ರೋಗಿಗೂ ಸಹಾಯಕಿಗೂ ಕಡ್ಡಾಯ. 810ರ ಕನ್ನಡಕ ಇದಕ್ಕೆ ಆಗದು. ನಿಜವಾದ ಖರ್ಚು ಫೈಬರ್ ಟಿಪ್ಪಿನದು, ಪ್ರತಿ ರೋಗಿಗೂ ಹೊಸದು, ಕೇಸಿಗೆ 300-400 ಬೀಳುತ್ತದೆ. ಅಷ್ಟನ್ನು ಮಾತ್ರ ಬಿಲ್ಲಿಗೆ ಸೇರಿಸುತ್ತೇನೆ.